ಶರಭದ ನಲವತ್ತೊಂದು ಸೆಕೆಂಡು

ಯುದ್ಧದ ಟ್ಯಾಂಕುಗಳನ್ನು ಒಂದರ ಪಕ್ಕ ಒಂದಿಟ್ಟು ಯಾವುದು ಮೇಲು ಎಂದು ಹೇಳುವುದು ನನ್ನ ಉದ್ಯೋಗ. ಮದುವೆಮನೆಗಳಲ್ಲಿ ಇದನ್ನು ಹೇಳಿದರೆ ಹೆಂಗಸರು ನನ್ನ ಮುಖ ನೋಡುತ್ತಾರೆ. ಇಂಥದ್ದಕ್ಕೂ ಪಗಾರ ಕೊಡುತ್ತಾರೇನು ಎಂದು ಒಬ್ಬ ಅಜ್ಜಿ ಕೇಳಿಯೂ ಇದ್ದಳು. ಕೊಡುತ್ತಾರೆ ಎಂದು ಹೇಳಿ ನಾನು ಇನ್ನೊಂದು ಹೋಳಿಗೆ ಬಡಿಸಿಕೊಂಡಿದ್ದೆ.

ಎಲ್ಲರೂ ಮೊದಲು ಕೇಳುವುದು ಯಾರ ತೋಪು ದೊಡ್ಡದು ಎಂದು. ತೋಪು ನೋಡಿ ಟ್ಯಾಂಕು ಆರಿಸುವುದು ಮೀಸೆ ನೋಡಿ ಅಳಿಯನನ್ನು ಆರಿಸಿದ ಹಾಗೆ. ನಮ್ಮ ಅಜ್ಜಂದಿರ ಕಾಲದ ಗಾಡಿಗಳನ್ನೇ ತೆಗೆದುಕೊಳ್ಳಿ. ರಷ್ಯದವರ ಟಿ-90ರಲ್ಲಿ ಮೂರೇ ಜನ. ತೋಪಿಗೆ ಗುಂಡು ತುಂಬುವುದು ಯಂತ್ರ. ಅದರಿಂದ ಗಾಡಿ ಕುಳ್ಳಗಾಯಿತು, ಹಗುರಾಯಿತು, ಆದರೆ ಗುಂಡುಗಳ ರಾಶಿ ಮನುಷ್ಯರ ಕಾಲ ಕೆಳಗೇ ಬಂತು. ಅಮೆರಿಕದ ಅಬ್ರಾಮ್ಸ್‌ನಲ್ಲಿ ನಾಲ್ಕು ಜನ, ಗುಂಡುಗಳಿಗೆ ಹಿಂದೆ ಬೇರೆ ಗೂಡು. ಬೆಂಕಿ ಹತ್ತಿದರೆ ಆ ಗೂಡಿನ ಮೇಲ್ಭಾಗ ಕಿತ್ತುಕೊಂಡು ಉರಿ ಆಕಾಶಕ್ಕೆ ಹೋಗುತ್ತದೆ, ಜನ ಉಳಿಯುತ್ತಾರೆ. ಆದರೆ ಅದರ ಎಂಜಿನ್ನು ಎಣ್ಣೆ ಕುಡಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಇಸ್ರೇಲಿನವರು ಮರ್ಕಾವಾದ ಎಂಜಿನ್ನನ್ನೇ ಮುಂದೆ ತಂದಿಟ್ಟರು, ಬಂದ ಏಟು ಮೊದಲು ಕಬ್ಬಿಣಕ್ಕೆ ಬೀಳಲಿ ಎಂದು. ದಪ್ಪ ಕವಚದ ಗಾಡಿ ಏಟು ತಡೆಯುತ್ತದೆ ನಿಜ, ಆದರೆ ನಮ್ಮ ಡೋಣಿ ಹೊಳೆಯ ದಂಡೆಯ ಎರೆ ಮಣ್ಣಿಗೆ ಎರಡು ದಿನ ಮಳೆ ಬಿದ್ದರೆ ಎಪ್ಪತ್ತು ಟನ್ನಿನ ಶೂರನೂ ಹೊಟ್ಟೆಯ ತನಕ ಹೂತು ಕೂತುಬಿಡುತ್ತಾನೆ. ಒಂದು ಕಡೆ ಗಳಿಸಲು ಇನ್ನೊಂದು ಕಡೆ ಕೊಡದ ಟ್ಯಾಂಕು ಈ ಲೋಕದಲ್ಲಿ ಹುಟ್ಟಿಲ್ಲ.

ಆ ಗಾಡಿಗಳೆಲ್ಲ ಈಗ ವಸ್ತುಸಂಗ್ರಹಾಲಯಗಳಲ್ಲಿವೆ. ಅವುಗಳ ಮೊಮ್ಮಕ್ಕಳನ್ನು ತೂಗುವುದಕ್ಕೆ ಎಂದೇ ವಿಜಯಪುರದ ಹೊರಗೆ ನಮ್ಮ ತುಲನಾ ಕೇಂದ್ರ ಎದ್ದಿದೆ. ನನ್ನ ಪಟ್ಟಿಯಲ್ಲಿ ಮೂವತ್ತಾರು ಖಾನೆಗಳು: ಕವಚ, ವೇಗ, ತೋಪಿನ ಗುರಿ, ಇಳಿಜಾರು, ಕೆಸರು, ಏಟು ತಿಂದ ಮೇಲೆ ಎಷ್ಟು ಹೊತ್ತು ಹೋರಾಡಿತು ಎಂಬುದು. ಮೂವತ್ತಾರನೆಯ ಖಾನೆಯ ಹೆಸರು ಸಿಬ್ಬಂದಿ ಹಾನಿ. ಅಂಕಿಗಳನ್ನು ನಾನು ತುಂಬುತ್ತೇನೆ, ಗಣಕ ಅಂಕ ಕೊಡುತ್ತದೆ, ಕೊನೆಗೆ ನಾನು ಸಹಿ ಹಾಕುತ್ತೇನೆ. ನನ್ನ ಸಹಿ ಇಲ್ಲದೆ ಯಾವ ಟ್ಯಾಂಕೂ ಕಾರ್ಖಾನೆಗೆ ಹೋಗುವುದಿಲ್ಲ.

ನನ್ನ ಗಂಡ ಶಿವಪುತ್ರ ಟ್ಯಾಂಕು ದಳದಲ್ಲಿ ದಫೇದಾರ, ಹದಿನೇಳು ವರ್ಷ ಚಾಲಕ. ಅವನಿಗೆ ನನ್ನ ಪಟ್ಟಿ ಎಂದರೆ ನಗೆಚಾಟಿಕೆ.

"ನಿನ್ನ ಮೂವತ್ತಾರು ಖಾನೆದಾಗ ಡ್ರೈವರನ ಬೆನ್ನನೋವಿಗೆ ಒಂದು ಖಾನೆ ಐತೇನ?" ಎಂದು ರೊಟ್ಟಿ ಮುರಿಯುತ್ತ ಕೇಳುತ್ತಿದ್ದ.

"ಅದು ಅಳತಿಗೆ ಬರೂದಿಲ್ರೀ," ಎನ್ನುತ್ತಿದ್ದೆ.

"ಹಂಗಾರ ಅದು ಇಲ್ಲ ಅಂತ ಬರಕೊ," ಎಂದು ಅವನು ನಕ್ಕರೆ, ಅತ್ತಿ ಕಾಶವ್ವ ಏನೂ ತಿಳಿಯದೆ ತಾನೂ ನಗುತ್ತಿದ್ದಳು.

ಹೀಗಿರುವಾಗ ಶರಭ ಬಂತು.

ಟ್ಯಾಂಕಿನೊಳಗೆ ಮನುಷ್ಯರೇ ಇಲ್ಲದಿದ್ದರೆ ಹೇಗೆ? ಅಷ್ಟೇ ಪ್ರಶ್ನೆ. ಮನುಷ್ಯನಿಗೆ ಜಾಗ ಬೇಡ, ಗಾಳಿ ಬೇಡ, ಬಾಗಿಲು ಬೇಡ. ಗಾಡಿ ಅರ್ಧಕ್ಕೆ ಕುಗ್ಗುತ್ತದೆ. ಮೂವರು ದೂರದಲ್ಲೆಲ್ಲೋ ಕುರ್ಚಿಯಲ್ಲಿ ಕೂತು ಓಡಿಸುತ್ತಾರೆ. ಇದನ್ನು ಎಲ್ಲ ದೇಶದವರೂ ಮಾಡಿ ನೋಡಿ ಕೈಸುಟ್ಟುಕೊಂಡಿದ್ದರು. ಪರದೆ ನೋಡಿ ಓಡಿಸುವವರು ಟ್ಯಾಂಕನ್ನು ಹಳ್ಳಕ್ಕೆ ಇಳಿಸುತ್ತಿದ್ದರು, ಚಕ್ರಗಳ ಉಕ್ಕಿನ ಪಟ್ಟಿ ಕಳಚಿದ್ದೇ ಗೊತ್ತಾಗದೆ ಎಳೆಯುತ್ತಿದ್ದರು. ಶಿವಪುತ್ರನನ್ನು ಕೇಳಿದಾಗ ಅವನು ಕಾರಣವನ್ನು ಒಂದೇ ಮಾತಿನಲ್ಲಿ ಹೇಳಿದ್ದ: "ಗಾಡಿ ಕಣ್ಣಲೇ ಓಡಸೂದಲ್ಲ, ಕುಂಡಿಲೇ ಓಡಸೂದು."

ಶರಭವನ್ನು ಮಾಡಿದವರು ಈ ಮಾತನ್ನೇ ಹಿಡಿದಿದ್ದರು. ಗಾಡಿಯ ಮೈತುಂಬ ಹನ್ನೊಂದು ಸಾವಿರ ಸ್ಪರ್ಶಬಿಂದುಗಳು. ಓಡಿಸುವವನ ಬೆನ್ನುಹುರಿಯ ಉದ್ದಕ್ಕೆ ಒಂದು ಪಟ್ಟಿ. ಗಾಡಿ ವಾಲಿದರೆ ಅವನ ಮೈ ವಾಲುತ್ತದೆ. ಮರಳಿನ ಮೇಲೆ ಹೊರಟರೆ ಅಂಗಾಲಿಗೆ ಮರಳು ತಿಳಿಯುತ್ತದೆ. ಏಟು ಬಿದ್ದರೆ ನೋವೂ ಆಗುತ್ತದೆ. ನೋವಿಗೆ ಮಿತಿ ಹಾಕಿ ಮೊದಲೇ ನೋಡಿಯಾಗಿತ್ತು. ಮಿತಿ ಹಾಕಿದ ಕೂಡಲೇ ಓಡಿಸುವವರು ಗಾಡಿಯ ಮೇಲಿನ ನಿಗಾ ಬಿಟ್ಟುಬಿಡುತ್ತಿದ್ದರು. ಅದಕ್ಕೆ ಎಡತೊಡೆಯ ಪಕ್ಕ ಒಂದು ಹಸಿರು ಗುಂಡಿ ಇಟ್ಟರು. ಒತ್ತಿದರೆ ಸಂಪರ್ಕ ಕಡಿಯುತ್ತದೆ, ಮನುಷ್ಯ ತನ್ನ ಕುರ್ಚಿಗೆ ವಾಪಸು ಬರುತ್ತಾನೆ.

ಗುಂಡಿಯನ್ನು ಪರೀಕ್ಷಿಸಿದ್ದು ನಾವೇ, ಕೇಂದ್ರದ ಇಪ್ಪತ್ತೆರಡು ಜನ. ಎಂಜಿನಿಯರುಗಳು, ಗುಮಾಸ್ತರು, ಕ್ಯಾಂಟೀನಿನ ಮೇಲ್ವಿಚಾರಕ ಕೂಡ ಕೂತ. ಒಂದು ಸಣ್ಣ ಬೆಂಕಿಯ ಅನುಭವ ಕೊಟ್ಟರು. ನನಗೆ ಕಾಲ ಬೆರಳುಗಳಿಂದ ಮೇಲಕ್ಕೆ ಕಾದ ಹಂಚಿನ ಮೇಲೆ ನಿಂತ ಹಾಗಾಯಿತು. ನಾನು ಯೋಚಿಸುವ ಮೊದಲೇ ಕೈ ಗುಂಡಿ ಒತ್ತಿತ್ತು. ಒಂದೂವರೆ ಸೆಕೆಂಡು. ಇಪ್ಪತ್ತೆರಡು ಜನರಲ್ಲಿ ಯಾರೂ ಎರಡು ಸೆಕೆಂಡು ದಾಟಲಿಲ್ಲ. ಆ ದಿನವೇ ನಾನು ಶರಭದ ಮೂವತ್ತಾರನೆಯ ಖಾನೆಯಲ್ಲಿ ಸೊನ್ನೆ ಬರೆದೆ. ನನ್ನ ಇಡೀ ವೃತ್ತಿಯಲ್ಲಿ ಆ ಖಾನೆಯಲ್ಲಿ ಬರೆದ ಮೊದಲ ಸೊನ್ನೆ ಅದು, ಬಹಳ ಸಂತೋಷದಿಂದ ಬರೆದೆ.

ಓಡಿಸಲು ನುರಿತ ಟ್ಯಾಂಕು ಜನ ಬೇಕು ಎಂದಾಗ ಶಿವಪುತ್ರನ ತಂಡವನ್ನೇ ಆರಿಸಿದರು. ನಾಯಕ ರಿಸಾಲ್ದಾರ್ ಬಲ್ಕಾರ್ ಸಿಂಗ್, ತೋಪಿನವನು ಸೆಲ್ವಂ, ಚಾಲಕ ನನ್ನ ಗಂಡ. ಮೂವರೂ ಒಂದೇ ಗಾಡಿಯಲ್ಲಿ ಹನ್ನೊಂದು ವರ್ಷ ಕಳೆದವರು. ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಮನೆಗೆ ಬಂದು ಅತ್ತಿಯ ಕೈಲಿ ಸಜ್ಜಕ ಮಾಡಿಸಿದೆ. ಇನ್ನು ಮೇಲೆ ಗಂಡ ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಯುದ್ಧಕ್ಕೆ ಹೋಗಿ ಸಂಜೆ ಚಹಾಕ್ಕೆ ಮನೆಗೆ ಬರುತ್ತಾನೆ ಎಂದು ಆಡಿಕೊಂಡು ನಕ್ಕೆವು.

ಕೊನೆಯ ಪ್ರಯೋಗ ನಡೆದದ್ದು ಮಾರ್ಚಿನಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ. ಶರಭ ಇದ್ದದ್ದು ಸಾವಿರಾರು ಕಿಲೋಮೀಟರು ಆಚೆ, ಮರುಭೂಮಿಯ ಮೈದಾನದಲ್ಲಿ. ಪೈಪೋಟಿಯ ಬೇರೆ ಮೂರು ಟ್ಯಾಂಕುಗಳ ಸರದಿ ಹಿಂದಿನ ವಾರವೇ ಮುಗಿದಿತ್ತು. ಅವುಗಳೊಳಗೆ ಮಾಪಕ ಕಟ್ಟಿದ ರಬ್ಬರಿನ ಬೊಂಬೆಗಳನ್ನು ಕೂರಿಸಿ, ಗಾಡಿ ನಿಲ್ಲುವ ತನಕ ಹೊಡೆದಿದ್ದರು. ಏಟು ತಿಂದ ಮೇಲೆ ಅತಿ ಹೆಚ್ಚು ಅಂದರೆ ಹನ್ನೆರಡು ಸೆಕೆಂಡು ಉಳಿದದ್ದು ದಾಖಲೆ. ಶರಭಕ್ಕೆ ಬೊಂಬೆ ಬೇಕಿರಲಿಲ್ಲ. "ಏಟು ಬಿದ್ದಾಗ ಸಿಬ್ಬಂದಿ ಗುಂಡಿ ಒತ್ತಿ ಹೊರಬರುತ್ತಾರೆ" ಎಂದು ನಾನೇ ಪ್ರಯೋಗದ ನಿಯಮದಲ್ಲಿ ಬರೆದಿದ್ದೆ.

ಗಾಜಿನ ಗೋಡೆಯಾಚೆ ಮೂವರೂ ಕುರ್ಚಿಗಳಲ್ಲಿ ಒರಗಿದ್ದರು, ಕಣ್ಣಿಗೆ ಮುಸುಕು. ಈ ಕಡೆ ನನ್ನ ಮುಂದೆ ಎರಡು ಪರದೆ. ಎಡಗಡೆಯದರಲ್ಲಿ ಅವರ ನಾಡಿ, ಉಸಿರು. ಬಲಗಡೆಯದರಲ್ಲಿ ಶರಭದ ಅಂಕ. ಪ್ರಯೋಗವನ್ನು ನಿಲ್ಲಿಸುವ ಕೆಂಪು ಸ್ವಿಚ್ಚೂ ನನ್ನ ಮೇಜಿನ ಮೇಲೇ ಇತ್ತು. ನನ್ನ ಹಿಂದೆ ಟ್ಯಾಂಕು ಆಯ್ಕೆ ಮಂಡಳಿಯ ಅಧ್ಯಕ್ಷರಾದ ಬ್ರಿಗೇಡಿಯರ್ ಬೆಳ್ಯಪ್ಪ ನಿಂತಿದ್ದರು. ಕೊಡಗಿನವರು, ನಿವೃತ್ತರು, ಸೈನ್ಯದ ಮೂವತ್ತು ವರ್ಷವನ್ನೂ ಟ್ಯಾಂಕುಗಳಲ್ಲೇ ಕಳೆದವರು.

ಮೊದಲ ಗುಂಡು ಶರಭದ ಎಡ ಚಕ್ರಪಟ್ಟಿಯ ಮೇಲೆ ಬಿತ್ತು, ಎರಡನೆಯದು ಹೊಟ್ಟೆಗೆ. ಗಾಡಿಯ ಹಿಂಭಾಗದಿಂದ ಬೆಂಕಿ ಎದ್ದಿತು. ನಾನು ಗಡಿಯಾರ ಒತ್ತಿದೆ. ಇನ್ನೇನು ಮೂವರೂ ಮುಸುಕು ತೆಗೆದು ಕೂರುತ್ತಾರೆ ಎಂದುಕೊಂಡರೆ ಶರಭ ಹೋರಾಡುತ್ತಲೇ ಇತ್ತು! ತೋಪಿನ ಗೋಪುರ ಬಲಕ್ಕೆ ತಿರುಗಿತು, ಎಡಕ್ಕೆ ತಿರುಗಿತು. ಉರಿಯುವ ಗಾಡಿ ಮುಂದೆ ಜಗ್ಗಿತು, ಹಿಂದೆ ಜಗ್ಗಿತು. ಹದಿನೈದು ಸೆಕೆಂಡಿಗೆ ಒಂದು ಗುಂಡು ಹಾರಿಸಿತು, ಮರಳಿಗೆ ಬಿತ್ತು. ಇಪ್ಪತ್ತೆಂಟಕ್ಕೆ ಇನ್ನೊಂದು ಹಾರಿಸಿತು, ಅದು ಗುರಿಗೇ ಹೋಗಿ ಬಡಿಯಿತು. ಬಲಗಡೆಯ ಪರದೆಯ ಮೇಲೆ ಸೆಕೆಂಡಿನ ಜೊತೆ ಅಂಕವೂ ಏರಿತು, ಮೂವತ್ತು, ಮೂವತ್ತೈದು, ನಲವತ್ತು. ನಲವತ್ತೊಂದಕ್ಕೆ ಗಾಡಿ ಸತ್ತಿತು. ಕೋಣೆಯ ತುಂಬ ಚಪ್ಪಾಳೆ. ನಾನೂ ಎದ್ದು ಚಪ್ಪಾಳೆ ತಟ್ಟಿದೆ.

ಗಾಜಿನಾಚೆ ಮಾತ್ರ ಯಾರೂ ಏಳಲಿಲ್ಲ.

ಕೇಂದ್ರದ ಆಸ್ಪತ್ರೆಯ ಡಾಕ್ಟರ್ ರುಬೀನಾ ಇನಾಮದಾರ ಮೂವರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. ಒಂದು ಗುಳ್ಳೆ ಇಲ್ಲ, ಕೆಂಪಾದ ಚರ್ಮ ಇಲ್ಲ. ರಿಸಾಲ್ದಾರರು ಕಣ್ಣು ಬಿಟ್ಟಿದ್ದರೂ ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ. ಸೆಲ್ವಂನ ಬಲಗೈ ಹಾಸಿಗೆಯ ಮೇಲೆ ಏನನ್ನೋ ಹಿಡಿದು ತಿರುಗಿಸುತ್ತಲೇ ಇತ್ತು. ಹಿಡಿದು ನಿಲ್ಲಿಸಿದರೆ ಅಳುತ್ತಿದ್ದ. ಶಿವಪುತ್ರನಿಗೆ ಕಾಲು ನೆಲಕ್ಕೆ ಇಡಲು ಆಗುತ್ತಿರಲಿಲ್ಲ.

"ನೀಲಾ, ಕಾಗದದ ಮ್ಯಾಲ ಬರಿಯೂದಾದ್ರ ಇವರಿಗೆ ಏನೂ ಆಗಿಲ್ಲ," ಎಂದರು ರುಬೀನಾ. "ಖರೇ ಹೇಳೂದಾದ್ರ ಈ ಮೂರೂ ಮಂದಿ ಸುಟ್ಟಾರ. ಯಾ ಫಾರ್ಮಿನ್ಯಾಗ ಬರೀಲಿ ಇದನ್ನ?"

ನನ್ನ ಕೈಯಲ್ಲಿ ಇನ್ನೂ ಆ ಗಡಿಯಾರ ಇತ್ತು.

ಎರಡು ದಿನದ ಮೇಲೆ ಶಿವಪುತ್ರನನ್ನು ಮನೆಗೆ ಕರೆತಂದೆವು. ಅವನು ಮಂಚದ ಮೇಲೆ ಕೂತು ತನ್ನ ಪಾದಗಳನ್ನು ಯಾರದೋ ಎಂಬಂತೆ ನೋಡುತ್ತಿದ್ದ. ಅತ್ತಿ ಕಾಶವ್ವನಿಗೆ ಸ್ಪರ್ಶಬಿಂದುವೂ ಗೊತ್ತಿಲ್ಲ, ಬೆನ್ನುಹುರಿಯೂ ಗೊತ್ತಿಲ್ಲ. ಮಗ ಉರಿ ಎಂದದ್ದಷ್ಟೇ ಅವಳಿಗೆ ಕೇಳಿತು. ಹಳೆಯ ಧೋತರ ಹರಿದು, ನೀರಿನಲ್ಲಿ ಅದ್ದಿ, ಎರಡೂ ಪಾದಕ್ಕೆ ಸುತ್ತಿ, ಒಣಗಿದ ಹಾಗೆಲ್ಲ ಮತ್ತೆ ಅದ್ದುತ್ತಿದ್ದಳು.

"ಅತ್ತಿ, ಕಾಲಿಗೆ ಏನೂ ಆಗಿಲ್ಲಂತ ಡಾಕ್ಟರ್ ಹೇಳ್ಯಾರ," ಎಂದೆ.

"ಡಾಕ್ಟರ್ ಹೇಳಲಿ ಬಿಡವಾ. ಉರಿಯೂದು ಅಂವಗ," ಎಂದಳು. ಅವನಿಗೆ ನಿದ್ದೆ ಹತ್ತಿದ್ದು ಆ ಒದ್ದೆ ಬಟ್ಟೆಯಿಂದಲೇ.

ಮಂಡಳಿಯ ಸಭೆ ಶುಕ್ರವಾರ ಸೇರಿತು. ಶರಭ ಮೊದಲನೆಯ ಸ್ಥಾನದಲ್ಲಿತ್ತು, ಎರಡನೆಯದು ಅದಕ್ಕಿಂತ ಎಷ್ಟೋ ಕೆಳಗೆ. ಗಣಕ ಅದಕ್ಕೆ ಅಷ್ಟು ಅಂಕ ಕೊಟ್ಟದ್ದು ಎರಡು ಖಾನೆಗಳಿಂದ: ಏಟಿನ ನಂತರದ ಹೋರಾಟ ನಲವತ್ತೊಂದು ಸೆಕೆಂಡು, ಸಿಬ್ಬಂದಿ ಹಾನಿ ಸೊನ್ನೆ. ಆ ಸೊನ್ನೆಯನ್ನು ನಾನು ಹಿಂದಿನ ದಿನ ಅಳಿಸಿ ಮೂರು ಎಂದು ಬರೆಯಲು ಹೋಗಿದ್ದೆ. ಗಾಡಿಯೊಳಗೆ ಇಲ್ಲದ ಸಿಬ್ಬಂದಿಯ ಹಾನಿ ಲೆಕ್ಕಕ್ಕೆ ಬರುವುದಿಲ್ಲ ಎಂದು ಗಣಕ ತಿರಸ್ಕರಿಸಿತ್ತು. ಆ ನಿಯಮ ಬರೆದವಳೂ ನಾನೇ.

"ಸರ್, ಮೂವರೂ ಆಸ್ಪತ್ರೆ ಸೇರಬೇಕಾಯಿತು. ಅಧ್ಯಕ್ಷರ ಸಹಿ ಇದ್ದರೆ ಗಣಕ ಒಪ್ಪುತ್ತದೆ. ಇದನ್ನು ಹಾನಿ ಎಂದು ಸೇರಿಸಬೇಕು," ಎಂದೆ.

ಬೆಳ್ಯಪ್ಪನವರು ಕೆಟ್ಟವರಲ್ಲ. ನನ್ನ ಕಡೆ ಕನಿಕರದಿಂದಲೇ ನೋಡಿದರು. "ನಿಮ್ಮ ಮನೆಯವರ ವಿಷಯ ನನಗೆ ಬೇಸರ ಇದೆ ನೀಲಾ. ಆದ್ರೆ ಗಾಯ ಎಲ್ಲಿದೆ, ತೋರಿಸಿ. ಬೇರೆ ಟ್ಯಾಂಕುಗಳಲ್ಲಿ ಬೊಂಬೆಗಳು ಕರಗಿಹೋಗಿದ್ದವು, ನೀವೇ ನೋಡಿದ್ದೀರಿ. ಇವರು ಜೀವಂತ ಇದ್ದಾರೆ. ಗುಂಡಿ ಕೈಗೆ ಸಿಗೋ ಹಾಗಿತ್ತು, ಒತ್ತಲಿಲ್ಲ. ಯಾಕೆ? ಉರಿಯೋ ಗಾಡಿಯಲ್ಲಿ ಶತ್ರುವನ್ನ ಹುಡುಕುತ್ತಾ ಇದ್ರು. ಅಂಥ ಸಿಪಾಯಿಗಳನ್ನ ನಾನು ನೋಡಿಲ್ಲ."

ಅವರ ಪಕ್ಕದಲ್ಲಿದ್ದ ವಿನ್ಯಾಸದ ಮುಖ್ಯಸ್ಥ ಒಂದು ಹಾಳೆ ಮುಂದಿಟ್ಟ. ಕಾರ್ಖಾನೆಯಲ್ಲಿ ತಯಾರಾಗುವ ಎಂಟುನೂರು ಶರಭಗಳಿಗೆ ಒಂದೇ ಒಂದು ತಿದ್ದುಪಡಿ ಸೂಚಿಸಿದ್ದ. ಎಲ್ಲ ತಂಡಗಳೂ ಇವರಷ್ಟು ಧೀರರಾಗಿರುತ್ತಾರೆ ಎಂದು ನಂಬಲಾಗದು. ನಲವತ್ತೊಂದು ಸೆಕೆಂಡು ಎಲ್ಲ ಗಾಡಿಗಳಿಂದಲೂ ಸಿಗಬೇಕಾದರೆ ಹಸಿರು ಗುಂಡಿಯನ್ನು ತೆಗೆದುಹಾಕಬೇಕು.

ನಾನು ಆ ಹಾಳೆಯನ್ನು ಎರಡು ಸಲ ಓದಿದೆ. ಮೂರು ಜನರಂತೆ ಎಂಟುನೂರು ಗಾಡಿ ಎಂದು ತಲೆ ತನ್ನಷ್ಟಕ್ಕೆ ಗುಣಿಸುತ್ತಿತ್ತು. ಎರಡು ಸಾವಿರದ ನಾನೂರು ಮಂದಿ. ಮೇಜಿನ ಸುತ್ತ ಕೂತವರಲ್ಲಿ ಒಬ್ಬರಿಗೂ ಇದು ವಿಚಿತ್ರ ಅನ್ನಿಸಿರಲಿಲ್ಲ. ಸೋಮವಾರದೊಳಗೆ ನನ್ನ ಸಹಿ ಬೇಕು ಎಂದರು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಶಿವಪುತ್ರ ಅಂಗಳದಲ್ಲಿ ಹಗ್ಗ ಹೆಣೆದ ಬಾಜಿನ ಮೇಲೆ ಕೂತಿದ್ದ, ಕಾಲು ಬಕೆಟ್ಟಿನ ನೀರಿನಲ್ಲಿ. ಇಷ್ಟು ದಿನ ಅವನನ್ನು ಏನೂ ಕೇಳಿರಲಿಲ್ಲ. ಈಗ ಕೇಳದೆ ಇರಲಾಗಲಿಲ್ಲ.

"ರೀ, ಗುಂಡಿ ಯಾಕ ಒತ್ತಲಿಲ್ಲ ನೀವು? ಮೂರೂ ಮಂದಿ ಯಾಕ ಒತ್ತಲಿಲ್ಲ?"

ಅವನು ಬಕೆಟ್ಟಿನ ನೀರಿನಲ್ಲಿ ಕಾಲು ಅಲುಗಿಸಿದ. "ಗುಂಡಿ ಐತಿ ಅನ್ನೂದ ನೆನಪಾಗಲಿಲ್ಲ. ನನ್ನ ಕೈ ಮ್ಯಾಲ ಹೋತು. ಮುಚ್ಚಳಾ ಹುಡುಕಾಕ."

"ಯಾವ ಮುಚ್ಚಳಾ?"

ಆಗ ಅವನು ಹೇಳಿದ್ದು ಟ್ಯಾಂಕಿನವರಿಗೆಲ್ಲ ಗೊತ್ತಿರುವ ಸಂಗತಿ. ನನ್ನ ಮೂವತ್ತಾರು ಖಾನೆಗಳಲ್ಲಿ ಮಾತ್ರ ಅದು ಇರಲಿಲ್ಲ. ಹಳೆಯ ಗಾಡಿಗಳಲ್ಲಿ ಚಾಲಕ ಮುಂದೆ, ಒಬ್ಬನೇ, ತೋಪಿನ ನಳಿಗೆಯ ಕೆಳಗೆ ಕೂತಿರುತ್ತಾನೆ. ಅವನು ಹೊರಬರುವ ಮುಚ್ಚಳ ತಲೆಯ ಮೇಲೆ. ನಳಿಗೆ ಆ ಮುಚ್ಚಳಕ್ಕೆ ಅಡ್ಡ ನಿಂತರೆ ಅದು ತೆರೆಯುವುದಿಲ್ಲ. ಗಾಡಿಗೆ ಬೆಂಕಿ ಬಿದ್ದರೆ ತೋಪಿನವನು ಮೊದಲು ಗೋಪುರವನ್ನು ಪಕ್ಕಕ್ಕೆ ತಿರುಗಿಸಿ ಚಾಲಕನನ್ನು ಬಿಡಿಸಬೇಕು. ಚಾಲಕ ಹೊರಬಿದ್ದ ಮೇಲೆ ತೋಪಿನವನು, ಅವನ ಹಿಂದೆ ನಾಯಕ. ಹನ್ನೊಂದು ವರ್ಷ ಇವರು ಕಣ್ಣು ಕಟ್ಟಿಕೊಂಡು, ಗಡಿಯಾರ ಹಿಡಿದು, ವಾರಕ್ಕೊಮ್ಮೆ ಅಭ್ಯಾಸ ಮಾಡಿದ್ದು ಇದನ್ನೇ.

"ಮೈಗೆ ಬೆಂಕಿ ಹತ್ತಿದ ಕೂಡ್ಲೆ ನಾ ಮುಚ್ಚಳಾ ಸಿಗವೊಲ್ದು ಅಂತ ಒದರಿದ್ನಂತ. ಸೆಲ್ವಂ ತೋಪು ತಿರುವಾಕತ್ತಿದ. ಅದು ಅರ್ಧಕ್ಕ ಹಿಡಕೊಂಡ ನಿಂತು. ಗಾಡಿ ಹಿಂದ ಮುಂದ ಜಗ್ಗು, ಸಡಲ ಆಗತೈತಿ ಅಂದ್ರು ರಿಸಾಲ್ದಾರ ಸಾಹೇಬ್ರು. ಜಗ್ಗಿದೆ. ಆಗಲಿಲ್ಲ. ಗುಂಡು ಹಾರಸು, ಆ ಧಕ್ಕಿಗೆ ಬಿಡತೈತಿ ಅಂದ್ರು. ಸೆಲ್ವಂ ಹಾರಿಸಿದ. ಎರಡ ಸಲ." ಅವನ ದನಿ ಸಣ್ಣದಾಯಿತು. "ಅಂವಾ ನನ್ನ ಸಲವಾಗಿ ಸುಡಾಕತ್ತಿದ್ದ. ನನಗ ಗೊತ್ತಾಗತಿತ್ತು."

"ಶರಭಕ್ಕ ಮುಚ್ಚಳಾನ ಇಲ್ಲಲ್ರೀ!"

"ಈಗ ಗೊತ್ತೈತಿ," ಎಂದ.

ಅತ್ತಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಆ ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಲೋಕದಲ್ಲೇ ಅತಿ ಹೆಚ್ಚು ಹೊತ್ತು ಹೋರಾಡಿದ ಟ್ಯಾಂಕು ಒಂದು ಗಳಿಗೆಯೂ ಹೋರಾಡಿರಲಿಲ್ಲ. ಇಲ್ಲದ ಬಾಗಿಲನ್ನು ತೆರೆದು ಒಬ್ಬನನ್ನು ಹೊರಗೆ ತೆಗೆಯಲು ಇಬ್ಬರು ಸುಟ್ಟುಕೊಂಡಿದ್ದರು. ಗುಂಡಿಯನ್ನು ಪರೀಕ್ಷಿಸಿದ ನಾವು ಇಪ್ಪತ್ತೆರಡು ಜನರಲ್ಲಿ ಒಬ್ಬರೂ ಯಾವತ್ತೂ ಟ್ಯಾಂಕಿನೊಳಗೆ ಕೂತವರಲ್ಲ. ನಮ್ಮ ಕೈಗೆ ಗುಂಡಿ ಸಿಕ್ಕಿತು, ಯಾಕೆಂದರೆ ಆ ಕೈಗೆ ಬೇರೆ ಏನೂ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಬ್ರಿಗೇಡಿಯರರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡರು, ಆದರೆ ಅಲ್ಲವೆಂದು ತಲೆ ಆಡಿಸಿಬಿಟ್ಟರು.

"ಅದು ಆಮೇಲೆ ಹುಟ್ಟಿದ ಮಾತು ನೀಲಾ. ಆ ಗಾಡಿಗೆ ಬಾಗಿಲಿಲ್ಲ ಅಂತ ಅವರಿಗೆ ಮೂರು ತಿಂಗಳು ಪಾಠ ಮಾಡಿದ್ದೀವಿ. ತಿಳಿದ ಮನುಷ್ಯ ಇಲ್ಲದ ಬಾಗಿಲು ಯಾಕೆ ಹುಡುಕ್ತಾನೆ?"

"ಆ ದಿನ ಚಾಲಕನ ಮೈಗೆ ಆದದ್ದೆಲ್ಲ ಪೂರ್ತಿ ದಾಖಲಾಗಿದೆ ಸರ್. ಚಾಲಕನ ಕುರ್ಚಿಯಲ್ಲಿ ನೀವೇ ಕೂತು ನೋಡಿ," ಎಂದೆ. ಇದನ್ನು ಹೇಳಬೇಕೆಂದು ಹೋಗಿರಲಿಲ್ಲ. ಸಿಟ್ಟಿನಲ್ಲಿ ಬಾಯಿಗೆ ಬಂತು.

ಅವರು ಎದ್ದುನಿಂತರು. "ಒಂದೇ ಸೆಕೆಂಡಿಗೆ ಗುಂಡಿ ಒತ್ತಿ ತೋರಿಸ್ತೀನಿ. ಆಮೇಲೆ ನೀವು ಸಹಿ ಹಾಕ್ತೀರಿ."

ಡಾಕ್ಟರ್ ರುಬೀನಾ ಓಡಿಬಂದು ಬೇಡವೇ ಬೇಡ ಎಂದರು. ಅರವತ್ತೊಂದು ವಯಸ್ಸು, ರಕ್ತದೊತ್ತಡ ಇದೆ ಎಂದು ಕೂಗಾಡಿದರು. ಬೆಳ್ಯಪ್ಪನವರು ಕೋಟು ಕಳಚಿ ಬೆನ್ನಿಗೆ ಪಟ್ಟಿ ಕಟ್ಟಿಸಿಕೊಂಡು ಕೂತೇಬಿಟ್ಟರು. ಎಡಗೈಯನ್ನು ಹಸಿರು ಗುಂಡಿಯ ಮೇಲೇ ಇಟ್ಟುಕೊಂಡರು. ಅದನ್ನು ನಾನು ಕಣ್ಣಾರೆ ನೋಡಿದೆ. ನಾನು ಗಾಜಿನ ಈ ಕಡೆ ಬಂದು, ಕೆಂಪು ಸ್ವಿಚ್ಚಿನ ಮೇಲೆ ಬೆರಳಿಟ್ಟು, ದಾಖಲೆಯನ್ನು ಚಾಲೂ ಮಾಡಿದೆ.

ಎರಡನೆಯ ಗುಂಡು ಬಿದ್ದ ಗಳಿಗೆಗೆ ಅವರ ಮೈ ಕುರ್ಚಿಯಿಂದ ಮೇಲೆದ್ದಿತು. ಎಡಗೈ ಗುಂಡಿಯನ್ನು ಬಿಟ್ಟಿತು. ಎರಡೂ ಕೈಗಳು ತಲೆಯ ಮೇಲಕ್ಕೆ ಹೋಗಿ ಖಾಲಿ ಗಾಳಿಯನ್ನು ತಳ್ಳತೊಡಗಿದವು. ಇಲ್ಲದ ಹಿಡಿಕೆಯನ್ನು ಹುಡುಕಿದವು, ಮುಷ್ಟಿ ಕಟ್ಟಿ ಗುದ್ದಿದವು. ಆ ಮನುಷ್ಯ ನಿವೃತ್ತನಾಗಿ ಆರು ವರ್ಷ ಆಗಿತ್ತು. ಕೂಗಿದರು. ಅದು ಕನ್ನಡವೂ ಆಗಿರಲಿಲ್ಲ, ಇಂಗ್ಲಿಷೂ ಆಗಿರಲಿಲ್ಲ, ಚಿಕ್ಕಂದಿನ ಕೊಡವ ಮಾತಿರಬೇಕು. ನಾನು ಸ್ವಿಚ್ಚು ಒತ್ತಿದೆ. ಒಂಬತ್ತು ಸೆಕೆಂಡಾಗಿತ್ತು.

ರುಬೀನಾ ಮುಸುಕು ತೆಗೆದಾಗ ಅವರು ಬೆವರಿನಲ್ಲಿ ತೊಯ್ದುಹೋಗಿದ್ದರು. ನಮ್ಮನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು.

"ಉಳಿದವರು?" ಎಂದು ಕೇಳಿದರು. "ಅವರಿಬ್ಬರು ಬಂದ್ರಾ?"

"ಸರ್, ಅದು ಬರೀ ದಾಖಲೆ. ಅಲ್ಲಿ ಯಾರೂ ಇಲ್ಲ."

"ಬಂದ್ರಾ ಅಂತ ಕೇಳಿದೆ," ಎಂದರು, ಮತ್ತು ಅಳತೊಡಗಿದರು. ಒಬ್ಬ ಬ್ರಿಗೇಡಿಯರು ಹಾಗೆ ಬಿಕ್ಕಿ ಬಿಕ್ಕಿ ಅತ್ತದ್ದನ್ನು ನೋಡಿ ನನಗೂ ರುಬೀನಾಗೂ ಏನು ಮಾಡಬೇಕೆಂದು ತೋಚಲಿಲ್ಲ.

ಮಧ್ಯಾಹ್ನ ಅವರು ವರದಿ ತರಿಸಿಕೊಂಡರು. ಮೂವತ್ತಾರನೆಯ ಖಾನೆಯ ಸೊನ್ನೆಯನ್ನು ಪೆನ್ನಿನಿಂದ ಹೊಡೆದುಹಾಕಿ ಮೂರು ಎಂದು ಬರೆದರು. ಹೋರಾಟದ ಖಾನೆಯ ನಲವತ್ತೊಂದನ್ನು ಹೊಡೆದುಹಾಕಿ ಅಲ್ಲಿ ಸೊನ್ನೆ ಬರೆದರು. ಕೆಳಗೆ ಸಹಿ ಹಾಕಿದರು, ಅವರ ಸಹಿಯ ಕೆಳಗೆ ನಾನೂ ಹಾಕಿದೆ. ನಾಲ್ಕು ಟ್ಯಾಂಕುಗಳಲ್ಲಿ ಶರಭ ನಾಲ್ಕನೆಯದಾಯಿತು. ಎಂಟುನೂರು ಗಾಡಿಗಳ ಆದೇಶ ಅಲ್ಲಿಗೇ ನಿಂತಿತು, ರಿಸಾಲ್ದಾರರಿಗೂ ಸೆಲ್ವಂಗೂ ನನ್ನ ಗಂಡನಿಗೂ ಗಾಯಾಳುಗಳೆಂದು ಕಾಗದ ಸಿಕ್ಕಿತು.

ನಾನು ಬಸ್ಸಿಗೂ ಕಾಯದೆ ಆಟೋ ಹಿಡಿದು ಮನೆಗೆ ಬಂದೆ. ಗೆದ್ದ ಸಂತೋಷ. ಶಿವಪುತ್ರ ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದಿದ್ದ ಎಂದು ಅತ್ತಿ ಬಾಗಿಲಲ್ಲೇ ಹೇಳಿದಳು. ಅವನ ಪಕ್ಕ ಕೂತು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಬ್ರಿಗೇಡಿಯರರು ಕೂತದ್ದು, ಅವರ ಕೈ ಮೇಲೆ ಹೋದದ್ದು, ಅವರು ಅತ್ತದ್ದು, ಪೆನ್ನಿನಲ್ಲಿ ತಿದ್ದಿದ್ದು. ಅವನು ಒಂದೊಂದಕ್ಕೂ ಹೂಂಗುಟ್ಟಿದ. ರಿಸಾಲ್ದಾರರಿಗೆ ಕಾಗದ ಸಿಕ್ಕಿತೆಂದಾಗ ಚಲೋ ಆತು ಎಂದ.

"ಸಾಹೇಬ್ರನ್ನ ಎಷ್ಟಕ್ಕ ಹೊರಗ ತಗದಿ?" ಎಂದು ಕೇಳಿದ.

"ಒಂಬತ್ತಕ್ಕ."

"ಅವರು ಗುಂಡಿ ಒತ್ತಲಿಲ್ಲ ಅಂದಿ. ತಗೀಬೇಕಂತ ನಿನಗ ಹೆಂಗ ಗೊತ್ತಾತು?"

"ಅವರ ಕೈ ಮ್ಯಾಲ ಹೋದದ್ದು ನೋಡಿದ್ನಲ್ರೀ. ಗಾಜಿನಾಗ ಕಾಣತಿತ್ತು."

ಅತ್ತಿ ಚಹಾ ತಂದಿಟ್ಟು ಹೋದಳು. ಅವನು ಬಟ್ಟಲನ್ನು ಎತ್ತಲಿಲ್ಲ.

"ನನ್ನ ಕೈನೂ ಮ್ಯಾಲ ಹೋಗಿತ್ತು, ನೀಲಾ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದ. "ನಲವತ್ತೊಂದು ಸೆಕೆಂಡ್ ನೀ ಅದ ಗಾಜಿನ ಆ ಕಡೆ ಇದ್ದಿ. ಆವಾಗ ನೀ ಏನ್ ನೋಡಾಕತ್ತಿದ್ದಿ?"

ಸುಳ್ಳು ಹೇಳಲು ಎಷ್ಟೋ ದಾರಿಗಳಿದ್ದವು. ಒಂದೂ ಬಾಯಿಗೆ ಬರಲಿಲ್ಲ.

"ಅಂಕ ನೋಡಾಕತ್ತಿದ್ನಿರೀ," ಎಂದೆ.